ಹಿತ್ತಿಲ ನಾಲ್ಕು ಮೊಳೆ

"ಅಕ್ಕೋರೇ, ಅದ್ರ ತಂಟೆಗೆ ಹೋಗೂದು ಬ್ಯಾಡ." ಬೇಲಿಯಾಚೆ ನಿಂತ ನೆರೆಮನೆಯ ಹೊನ್ನಿ ಮತ್ತೆ ಹೇಳಿದಳು. "ಕೂಸಿನ ಅಪ್ಪ ಹೊಡ್ದ ಮೊಳೆ. ಕೀಳೂದಾದ್ರೆ ಅಪ್ಪನೂ ಎದ್ರಿಗೆ ನಿಲ್ಬೇಕು. ಒಬ್ರೇ ಕಿತ್ರೆ ಕೂಸು ಆ ಒಬ್ರನ್ನೇ ಹೀರ್ತದೆ."

ಶ್ರೀವಾಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಕ್ಕಳು. "ಮೊಳಿ ಅಂದ್ರ ಕಬ್ಬಿಣ, ಹೊನ್ನಮ್ಮ. ತುಕ್ಕು ಹಿಡದೈತಿ, ಅಷ್ಟ. ಸುಣ್ಣ-ಅರಿಶಿಣ ಹಚ್ಚಿ ನಿಂಬಿಹಣ್ಣಿನ್ಯಾಗ ರಕ್ತ ಬರಿಸೋ ಆಟಾನ ನಾನ ಸಾಲಿ ಮಕ್ಕಳಿಗೆ ಕಲಿಸ್ತೀನಿ."

"ನಿಂಬೆಹಣ್ಣಿಗೆ ಹಸಿವಾಗೂದಿಲ್ಲ, ಅಕ್ಕೋರೇ."

ಬನವಾಸಿ ಕಡೆಯಿಂದ ಮಂಚಿಕೇರಿಯ ಈ ರಸ್ತೆ ಬದಿಯ ತಾರಸಿ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾದರೂ ಊರಿಗೆ ಶ್ರೀವಾಣಿ ಹೊರಗಿನವಳೇ. ಮನೆ ಮಾತ್ರ ಅವಳ, ಗಂಡ ಸಂಜಯನ, ಇಬ್ಬರ ಹೆಸರಿನಲ್ಲಿತ್ತು. ಬೇರೆಯಾಗುವಾಗ ಕೋರ್ಟಿನ ರಾಜಿಪತ್ರದಲ್ಲಿ ಬಾವಿ ಬಂತು, ಪಂಪು ಬಂತು, ಕಪಾಟು ಬಂತು, ಮಿಕ್ಸರ್ ಕೂಡ ಬಂತು. ಹಿತ್ತಿಲಲ್ಲಿ, ಬಚ್ಚಲ ಹಿಂದಿನ ನೆಲದಲ್ಲಿ ಮಲಗಿದವಳು ಬರಲಿಲ್ಲ. ಅವಳಿಗೆ ಹೆಸರೇ ಇಟ್ಟಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಹೊಲಿಗೆ ಇನ್ನೂ ಹಸಿಯಿದ್ದ ಶ್ರೀವಾಣಿ ಆಸ್ಪತ್ರೆಯ ಮಂಚದ ಮೇಲಿದ್ದಾಗ, ಸಂಜಯ ಉಸಿರಿಲ್ಲದ ಹೆಣ್ಣು ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ. ಬರಿಗೈಯಲ್ಲಿ ವಾಪಸು ಬಂದ. ಸತ್ತು ಹುಟ್ಟಿದ ಹೆಣ್ಣು ಅದೇ ಹೊಟ್ಟೆಗೆ ತಿರುಗಿ ಬರುತ್ತದೆ, ಗಂಡಿಗೆ ಜಾಗ ಬಿಡುವುದಿಲ್ಲ ಎಂದು ಅವನ ತಾಯಿ ಮಾಟದ ಮಾದೇವನನ್ನು ಕರೆಸಿದ್ದಳು. ಗುಂಡಿಯ ನಾಲ್ಕು ಮೂಲೆಗೆ ನಾಲ್ಕು ಮಂತ್ರಿಸಿದ ಮೊಳೆ; ಹೊಡೆದವನು ಸಂಜಯ. ಹೆರುವುದಕ್ಕೆ ಶ್ರೀವಾಣಿ ಬೇಕಾದಳು; ಹೂಳುವಾಗ ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನಾಳೆ ಮನೆ ಮಾರಾಟದ ನೋಂದಣಿ. ಕೊಳ್ಳುವ ಕಿರವತ್ತಿಯವನು ಹಿತ್ತಿಲಿಗೆಲ್ಲ ಕಾಂಕ್ರೀಟು ಹಾಕಿ ಲಾರಿ ನಿಲ್ಲಿಸುತ್ತಾನಂತೆ. ಅಷ್ಟರೊಳಗೆ ಮಗಳನ್ನು ತೆಗೆದು ತವರಿನ ಹೊಲದ ಬದುವಿನಲ್ಲಿ ಮಲಗಿಸಬೇಕು. ಶ್ರೀವಾಣಿಗೆ ಬೇಕಾದ ಪಾಲು ಅದೊಂದೇ.

ಹೊನ್ನಿಯ ಸಮಾಧಾನಕ್ಕೆಂದು ಫೋನು ಹಚ್ಚಿದಳು. "ಸಂಜು, ಒಂದ್ ತಾಸು ಬಂದು ನಿಂತ್ರ ಸಾಕು."

"ಎಲ್ಲಾ ಹರ್ಕಂಡು ಆಯ್ತಲ್ಲೇ ಮಾರಾಯ್ತಿ. ಅದ್ನ ಎಂತಕ್ಕೆ ಕೆದಕ್ತೀ? ಎಂತ ಬೇಕಾರೂ ಮಾಡ್ಕ."

ಅದ್ನ. ಮಗಳಿಗೆ ಅಪ್ಪ ಇಟ್ಟ ಹೆಸರು ಅಷ್ಟೇ. ಅವಳು ಹಾರೆ ಎತ್ತಿಕೊಂಡಳು.

ಮಾರ್ಚಿನ ನಡು ಮಧ್ಯಾಹ್ನ. ಬಚ್ಚಲ ಹಿಂದಿನ ಹಲಸಿನ ಮರದಡಿ ನೆರಳು ಕಪ್ಪಗೆ ಗಟ್ಟಿಯಾಗಿತ್ತು. ಮೊದಲ ಮೊಳೆ ಸುಲಭಕ್ಕೆ ಬಂತು. ಅದು ಬಂದದ್ದೇ ರಸ್ತೆಯ ಲಾರಿಗಳ ಸದ್ದು ನಿಂತಿತು. ಎರಡನೆಯದನ್ನು ಎಳೆದಾಗ ತೂತಿನಿಂದ ಫಿನಾಯಿಲಿನ ವಾಸನೆ ಬಂತು, ಅದರ ಹಿಂದೆಯೇ ಒಡೆದ ಹಾಲಿನ ಹುಳಿ ನಾತ. ಬಚ್ಚಲದ್ದಿರಬೇಕು ಎಂದುಕೊಂಡಳು. ಮೂರನೆಯದು ಬಿಸಿಯಿತ್ತು, ಜ್ವರದ ಮೈಯಂತೆ. ಬಿಸಿಲಿಗೆ ಕಾದಿದೆ ಎಂದುಕೊಂಡಳು. ಅಲ್ಲಿ ಬಿಸಿಲೇ ಬೀಳುತ್ತಿರಲಿಲ್ಲ.

ನಾಲ್ಕನೆಯದು ಕಿತ್ತು ಬಂದಾಗ ನೆಲ ಅತ್ತಿತು.

ಸಣ್ಣ ಅಳು. ಈಗಷ್ಟೇ ಹುಟ್ಟಿದ್ದರ ಅಳು. ನಾಲ್ಕು ವರ್ಷದ ಹಿಂದೆ ಆ ಕೋಣೆಯಲ್ಲಿ ಕೇಳಿಸಬೇಕಾಗಿದ್ದು, ಕೇಳಿಸದೇ ಹೋದದ್ದು. ಶ್ರೀವಾಣಿಯ ಕೈಯಿಂದ ಹಾರೆ ಜಾರಿತು. ಎದೆ ಕಟ್ಟಿತು. ರವಿಕೆ ಒದ್ದೆಯಾಯಿತು. ಬತ್ತಿಹೋಗಿದ್ದ ಹಾಲು ದಳದಳನೆ ಇಳಿಯತೊಡಗಿತು. ಮಣ್ಣು ಅದನ್ನು ಚಪ್ಪರಿಸಿತು.

"ಬಂದೇನವ್ವಾ," ಅಂದಳು. ಮೊಣಕಾಲೂರಿ ಬಗ್ಗಿದಳು. ಹೆದರಿಕೆಯಾಗಲಿಲ್ಲ. ಅಷ್ಟು ಸುಖ ಅವಳಿಗೆ ಯಾವತ್ತೂ ಆಗಿರಲಿಲ್ಲ. "ನನ್ನವ್ವಾ, ಬಂದೆ."

ಹಾಲು ಮುಗಿಯಿತು. ಅಳು ಮುಗಿಯಲಿಲ್ಲ.

ಎದೆಯಿಂದ ಬಿಸಿಯಾಗಿ ಇಳಿದದ್ದು ಕೆಂಪಗಿತ್ತು. ಯಾವ ಸುಣ್ಣ, ಯಾವ ಅರಿಶಿನವೂ ಅಲ್ಲ. ಏಳಲು ನೋಡಿದಳು. ಆಗಲಿಲ್ಲ. ಕಾಣದ ವಸಡೊಂದು ಕಚ್ಚಿ ಹಿಡಿದಿತ್ತು. ಕಿವಿ ಗುಂಯ್ಗುಟ್ಟಿತು. ಉಗುರು ನೀಲಿಯಾದವು. ಮರ ಕಾಣಿಸಲಿಲ್ಲ. ಮನೆ ಕಾಣಿಸಲಿಲ್ಲ. ಕತ್ತಲು. ಹಾಲಿನ ನಾತ. ಜೊಂಯ್, ಜೊಂಯ್. ಕುಡಿಯುವ ಸದ್ದು.

"ಅಕ್ಕೋರೇ! ಮೊಳೆ ತಿರ್ಗಾ ಹೊಡೀರೋ!" ಹೊನ್ನಿ ಬೇಲಿಯಿಂದ ಕಿರುಚಿದಳು. "ಹೆತ್ತ ಕೈ ಹೊಡದ್ರೆ ನಿಲ್ತದೆ! ಹೊಡೀರಿ!"

"ಸಣ್ಣದೈತಿ, ಹೊನ್ನಮ್ಮ... ಹಸದೈತಿ..."

"ನಿಮ್ಮನ್ನ ಮುಗಸೂ ತನಕ ಬಿಡೂದಿಲ್ಲ ಅದು! ಅದ್ಕೆ ಗೊತ್ತಾಗೂದಿಲ್ರೋ, ಕೂಸು!"

ಕೈಗೆ ಕಲ್ಲು ಸಿಕ್ಕಿತು. ಮೊದಲ ಮೊಳೆ. ಹೊಡೆದಳು. ಅಳು ಬೆಚ್ಚಿತು. ಎರಡನೆಯದು. ಹೊಡೆದಳು. ಅಳು ಅವಳ ಕಡೆಗೇ ತಿರುಗಿತು, ಯಾಕೆ ಎಂದು ಕೇಳುವಂತೆ. ಮೂರನೆಯದಕ್ಕೆ ಅವಳೂ ಅದರ ಜೊತೆ ಅಳುತ್ತಿದ್ದಳು. ನಾಲ್ಕನೆಯದನ್ನು ನೆಟ್ಟಳು. ಮಣ್ಣಿನೊಳಗೆ ಅಳು ಬಿಕ್ಕಳಿಕೆಯಾಗಿತ್ತು. ಅತ್ತತ್ತು ಸೋತ ಮಗು ನಿದ್ದೆಗೆ ಜಾರುವಾಗ ಬಿಕ್ಕುತ್ತದಲ್ಲ, ಹಾಗೆ. ಒಂದು ಬಿಕ್ಕು. ಕಾದಳು. ಇನ್ನೊಂದು. ಕಣ್ಣು ಮುಚ್ಚಿ ಹೊಡೆದಳು.

ರಸ್ತೆಯಲ್ಲಿ ಲಾರಿಯೊಂದು ಹಾರ್ನು ಹಾಕಿತು.

ಮರುದಿನ ಯಲ್ಲಾಪುರದ ನೋಂದಣಿ ಕಚೇರಿಯಲ್ಲಿ ಗುಮಾಸ್ತ ಪೆನ್ನು ಚಾಚಿದ. ಅವಳ ಬಲಗೈಯ ಬೆರಳುಗಳು ಕಲ್ಲು ಹಿಡಿದಂತೆಯೇ ಮಡಚಿಕೊಂಡಿದ್ದವು. ಬಿಡಿಸಲು ಬರಲಿಲ್ಲ. ಎಡಗೈಯ ಹೆಬ್ಬೆರಳನ್ನು ಮಸಿಗೆ ಒತ್ತಿದಳು.

"ಶಾಲೆ ಅಕ್ಕೋರು ಅಂತ ಬರ್ದದೆ, ಹೆಬ್ಬೆಟ್ಟು ಒತ್ತೂದಾ!" ಗುಮಾಸ್ತ ನಕ್ಕ. ಕೊಳ್ಳುವವನೂ ನಕ್ಕ. ಸಂಜಯ ಅಂಗಿಯ ಜೇಬಿನಿಂದ ತನ್ನ ಪೆನ್ನು ತೆಗೆದು ಚಂದಗೆ ಸಹಿ ಮಾಡಿದ.

ಹೊರಗೆ ಮೆಟ್ಟಿಲ ಮೇಲೆ ಅವಳ ಮುಖ ನೋಡದೆ ಕೇಳಿದ. "ಅಲ್ಲಿದು... ಎಂತ ಮಾಡ್ದೆ?"

"ಭಾಳ ಅತ್ತಳು," ಅಂದಳು ಶ್ರೀವಾಣಿ. "ಈಗ ಮಲಗ್ಯಾಳ. ಲಾರಿ ಸಾವಕಾಶ ನಿಲ್ಲಸ್ರಿ ಅಂತ ಅವರಿಗೆ ಹೇಳು."