ಎರಡು ಚೀಲ

“ಈ ಮನಿಯಾಗ ನನಗೊಬ್ಬಾಕಿಗೆ ಯಾಕ ಥಂಡಿ ಹತ್ತತೈತಿ?”

ವೈಶಾಖದ ಮಧ್ಯಾಹ್ನ, ತುರ್ವಿಹಾಳದ ಮನೆಯಲ್ಲಿ ಕೌದಿ ಹೊದ್ದು ಕೂತ ಯಂಕಮ್ಮ ಯಾರನ್ನೂ ಕೇಳಿರಲಿಲ್ಲ. ಉತ್ತರ ಮಾತ್ರ ಅಡುಗೆಮನೆಯಿಂದ ಬಂತು.

“ಕೆಲಸ ಅಂದ್ರ ಥಂಡಿನ ಹತ್ತತೈತ್ರೀ ಅತ್ತಿ!” ಎಂದಳು ಸೊಸೆ ಅಮರೇಶ್ವರಿ.

ಮಾತು ಬೆಳೆಸಲು ಯಂಕಮ್ಮನಿಗೆ ದನಿಯೇ ಇರಲಿಲ್ಲ. ಶ್ರಾವಣದ ಪುರಾಣಕ್ಕೆ ಮಠದಲ್ಲಿ ಮೊದಲ ಪದ ಹಾಡುತ್ತಿದ್ದುದು ಮೂವತ್ತು ವರ್ಷದಿಂದ ಅವಳೇ. ಈಗ ಗಂಟಲು ಬರೀ ಗೊರಗೊರ. ಮುಖ ಊದಿತ್ತು, ಕೂತಲ್ಲೇ ನಿದ್ದೆ. ಸಿಂಧನೂರಿನ ಡಾಕ್ಟರು ಶಕ್ತಿಯ ಟಾನಿಕ್ ಬರೆದಿದ್ದರು. ತಾಳ ತಪ್ಪಿದ ಎದೆಬಡಿತಕ್ಕೆ ಲಿಂಗಸುಗೂರಿನ ಡಾಕ್ಟರು ಕೊಟ್ಟ ಗುಳಿಗೆಯನ್ನು ಅವಳು ದಿನವೂ ನುಂಗುತ್ತಿರುವುದು ಸಿಂಧನೂರಿನವರಿಗೆ ಗೊತ್ತಿರಲಿಲ್ಲ. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿದರೆ ಡಾಕ್ಟರು ಸಿಟ್ಟಾಗುತ್ತಾರೆಂದು ಯಂಕಮ್ಮ ಊರಿಗೊಂದು ಚೀಲ ಮಾಡಿಟ್ಟಿದ್ದಳು.

ಒಂದು ದಿನ ಧೂಳು ಹೊಡೆಯುವಾಗ ಎರಡೂ ಚೀಲ ಅಮರೇಶ್ವರಿಯ ಕೈಗೆ ಬಂದವು. ಲಿಂಗಸುಗೂರಿನ ಚೀಟಿಯಲ್ಲಿ ಗೆರೆ ಎಳೆದು ಬರೆದಿತ್ತು: ಆರು ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತ ಪರೀಕ್ಷೆ. ಅಮರೇಶ್ವರಿಗೆ ನೆನಪಾಯಿತು: ಗುಳಿಗೆ ಶುರು ಮಾಡಿದ ದಿನ ಡಾಕ್ಟರು ಇದನ್ನು ಓದಿ ಹೇಳಿದ್ದು ತನಗೇ! ನೆಟ್ಟಗಿದ್ದವರ ರಕ್ತ ಯಾಕೆ ತೆಗೆಸುವುದೆಂದು ಮಡಚಿಟ್ಟವಳೂ ತಾನೇ. ಅದಕ್ಕೆ ಒಂದೂವರೆ ವರ್ಷವಾಗಿತ್ತು; ಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ.

ಮರುದಿನವೇ ಎರಡೂ ಚೀಲ ಹಿಡಿದು ಅತ್ತೆಯನ್ನು ಲಿಂಗಸುಗೂರಿಗೆ ಕರೆದೊಯ್ದಳು.

“ಎದಿ ಗುಳಿಗಿ ಕೆಲವರಿಗೆ ಥೈರಾಯ್ಡ್ ಕುಗ್ಗಿಸ್ತೈತಿ,” ಎಂದರು ಡಾಕ್ಟರು, ರಕ್ತದ ವರದಿ ನೋಡಿ. “ಚಳಿ, ಬಾವು, ದನಿ ಎಲ್ಲಾ ಅದರಿಂದನ. ಮುಂಜಾನೆ ಖಾಲಿ ಹೊಟ್ಟಿಗೆ ಇನ್ನೊಂದು ಗುಳಿಗಿ ತಗೋರಿ. ಎದಿದು ಮಾತ್ರ ನಿಮ್ಮಷ್ಟಕ್ಕ ನೀವು ಬಿಡಬ್ಯಾಡ್ರಿ, ಜೀವಕ್ಕ ಕುತ್ತು.”

ಬಸ್ಸು ಮಸ್ಕಿ ದಾಟುವಷ್ಟರಲ್ಲಿ ಅಮರೇಶ್ವರಿ ಅಳುತ್ತ ಎಲ್ಲವನ್ನೂ ಹೇಳಿಕೊಂಡಳು. ಯಂಕಮ್ಮ ಸೆರಗಿನಿಂದ ಸೊಸೆಯ ಕಣ್ಣೊರೆಸಿದಳು.

“ಚೀಟಿ ಬಚ್ಚಿಟ್ಟಾಕಿ ನಾನೂ ಹೌದು... ಬಿಡಬೇ.”

ಎರಡು ತಿಂಗಳಲ್ಲಿ ಕೌದಿ ಪೆಟ್ಟಿಗೆ ಸೇರಿತು. ದನಿ ಪೂರ್ತಿ ಬರಲಿಲ್ಲ. ಶ್ರಾವಣಕ್ಕೆ ಎಂಟು ದಿನ ಉಳಿದಾಗ ಯಂಕಮ್ಮ ಸೊಸೆಯ ಕೈ ಹಿಡಿದಳು.

“ಎದಿ ಗುಳಿಗಿ ಎಂಟ ದಿನ ಬಿಡ್ತೀನಿ ಬೇ. ಅದು ಬಿಟ್ರ ದನಿ ಬರ್ತೈತಿ. ಮೊದಲ ಪದ ಹಾಡಿ ಮತ್ತ ನುಂಗ್ತೀನಿ. ನಿನ್ನ ತಪ್ಪು ನಾ ಮನ್ನಿಸೀನಲ್ಲ... ಇದೊಂದು ನನ್ನ ಮಾತು ನಡಸು!”

ಅಮರೇಶ್ವರಿಯ ಕಣ್ಣು ತುಂಬಿದವು. ಗುಳಿಗೆಯನ್ನು ಅತ್ತೆಯ ಅಂಗೈಯಲ್ಲಿಟ್ಟು, ನೀರಿನ ಚರಗಿ ಚಾಚಿದಳು.

“ನಡಸಂಗಿಲ್ರೀ ಅತ್ತಿ. ನುಂಗ್ರಿ.”