ಊರ ಹೆಸರು ಹೇಳಬ್ಯಾಡ

ದುರಗೇಶ ಐಶ್ವರ್ಯಾಳ ಫೋನ್ ಎತ್ತದೆ ಹನ್ನೊಂದು ದಿನವಾಗಿತ್ತು. ಸರಿಯಾಗಿ ನಿದ್ದೆ ಮಾಡಿಯೂ ಅಷ್ಟೇ ದಿನ. ಪ್ರೀತಿಸಿದ ಹುಡುಗಿಯಿಂದಲೇ ತಪ್ಪಿಸಿಕೊಂಡು ತಿರುಗುವಷ್ಟು ದಣಿವಿನ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ನಂಬಿಕೆ ಇಲ್ಲದವರು ಮಾಡಿ ನೋಡಲಿ.

ರೋಣದ ಹೊರಗಿನ ಪಿ.ಜಿ. ಸೆಂಟರಿನಲ್ಲಿ ಇಬ್ಬರೂ ಎಂ.ಎ. ಓದುತ್ತಿದ್ದರು. ಅವಳು ನರಗುಂದದ ಕಾಳಿನ ವ್ಯಾಪಾರಿ ಪ್ರಭುಲಿಂಗಪ್ಪನವರ ಮಗಳು, ಹಾಸ್ಟೆಲಿನಲ್ಲಿದ್ದಳು. ಇವನು ರಾಜೂರಿನ ಕನಕಪ್ಪನ ಮಗ. ಆ ಮನೆಗೂ ಈ ಮನೆಗೂ ನಡುವೆ ಬಸ್ಸಿನ ದಾರಿಯಷ್ಟೇ ಇದ್ದಿದ್ದರೆ ಚಿಂತೆಯಿರಲಿಲ್ಲ, ಜಾತಿ ಇತ್ತಲ್ಲ! ಅವಳ ಅಣ್ಣ ಸಿದ್ದಾರೂಢ ಬೈಕ್ ಹತ್ತಿ ರಾಜೂರಿಗೇ ಹೋಗಿ, ಕಟ್ಟೆಯ ಮೇಲೆ ಕೂತಿದ್ದ ಕನಕಪ್ಪನಿಗೆ ಮೆತ್ತಗೆ ಹೇಳಿದ್ದ.

"ಕಾಕಾ, ನಿಮ್ಮ ಮಗ ಓದಾಕ ಹೋಗ್ಯಾನ. ಓದಿ ಮನಿಗೆ ನಡಕೊಂತ ಬರ್ಲಿ. ನಾಕು ಮಂದಿ ಹೊತ್ತಕೊಂಡ ಬರೂದು ಬ್ಯಾಡ."

ಅವತ್ತಿನಿಂದ ದುರಗೇಶ ಫೋನ್ ಎತ್ತುವುದನ್ನು ಬಿಟ್ಟ. ಕೊನೆಗೆ ತಲೆ ಕೆಟ್ಟು, ಸೆಂಟರಿನ ಹಿಂದಿರುವ ಸಮಾಲೋಚನೆ ಕೋಣೆಗೆ ಹೋದ. ಅಲ್ಲಿ ಕಮರುನ್ನಿಸಾ ಮೇಡಂ ಹುಡುಗ ಹುಡುಗಿಯರ ಕಷ್ಟ ಕೇಳುತ್ತಾರೆ ಎಂದು ಯಾರೋ ಹೇಳಿದ್ದರು.

ಹೊರಗಿನ ಬೆಂಚಿನ ಮೇಲೆ ಐಶ್ವರ್ಯಾ ಕೂತಿದ್ದಳು. ಇವನು ಹಿಂದಕ್ಕೆ ತಿರುಗಿದ.

"ಬರ್ರಿ ಸಾಹೇಬ್ರ," ಅಂದಳು. "ಫೋನ್ ಬಾವ್ಯಾಗ ಬಿದ್ದೈತೇನ್ರಿ?"

"ನೀ ಯಾಕ ಬಂದಿ ಇಲ್ಲಿ?"

"ನೀ ಯಾಕ ಬಂದಿ, ಮೊದಲ ಅದನ್ನ ಹೇಳು."

ದುರಗೇಶ ನೆಲ ನೋಡಿದ. "ನಿನ್ನ ಹ್ಯಾಂಗ ಬಿಡೂದು ಅಂತ ಕೇಳಾಕ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಂಗ."

ಅವಳ ರೆಪ್ಪೆಗಳು ಊದಿಕೊಂಡಿದ್ದವು. ಆದರೂ ತುಟಿಯ ಒಂದು ತುದಿ ಮಾತ್ರ ಮೇಲಕ್ಕೆ ಹೋಯಿತು. ಆ ಒಂದು ತುದಿಗಾಗಿಯೇ ಎರಡು ವರ್ಷ ಲೈಬ್ರರಿಯಲ್ಲಿ ಅವಳ ಎದುರು ಕೂತವನು ಇವನು.

"ಹಾವು ಯಾರು, ನಾನೇನು?"

"ಏ, ಹಂಗಲ್ಲ ಮಾರಾಯ್ತಿ!"

"ನಾ ಬಂದದ್ದು ಮನಿಗೆ ಹೋಗದಂಗ ಹ್ಯಾಂಗ ಇರೂದು ಅಂತ ಕೇಳಾಕ. ಶುಕ್ರವಾರ ನಿಶ್ಚಯ ಇಟ್ಟಾರ. ಅಣ್ಣ ನಾಳೆ ಕರಕೊಂಡು ಹೋಗಾಕ ಬರ್ತಾನ. ಹೊಸ್ತಿಲ ದಾಟಿ ಒಳಗ ಹೋದ್ರ ಮುಗೀತು, ಮತ್ತ ಹೊರಗ ಬಿಡಂಗಿಲ್ಲ. ಹೋದ ಸಲ ಎರಡು ದಿನ ಕೀಲಿ ಹಾಕಿದ್ರು."

ಅವಳು ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡಳು. ಅಷ್ಟರೊಳಗೆ ಮೊಣಕೈ ಹತ್ತಿರದ ಕಪ್ಪು ಕಲೆ ಅವನಿಗೆ ಕಂಡೇಬಿಟ್ಟಿತು. ತಾನು ದೂರವಿದ್ದರೆ ಇವಳು ಸುಖವಾಗಿರುತ್ತಾಳೆ ಎಂದುಕೊಂಡಿದ್ದನಲ್ಲ, ಆ ದಡ್ಡತನಕ್ಕೆ ಅವನಿಗೇ ನಾಚಿಕೆಯಾಯಿತು.

ಮೇಡಂ ಇಬ್ಬರನ್ನೂ ಒಳಗೆ ಕೂರಿಸಿಕೊಂಡರು. ಪ್ರೀತಿ ಯಾಕೆ ಮಾಡಿದಿರಿ ಎಂದು ಕೇಳಲಿಲ್ಲ. ಪೂರ್ತಿ ಕೇಳಿಸಿಕೊಂಡು, "ತಂಗಿ, ಇದು ನಿನ್ನ ತಪ್ಪಲ್ಲ. ನಿನಗ ಇಪ್ಪತ್ಮೂರು ವರ್ಷ. ಒಲ್ಲೆ ಅಂದ್ರ ಯಾರೂ ಎಳಕೊಂಡು ಹೋಗಾಕ ಬರಂಗಿಲ್ಲ," ಎಂದರು. ಐಶ್ವರ್ಯಾ ಆಗ ಅತ್ತಳು.

ಅಷ್ಟರಲ್ಲಿ ಜವಾನ ಪರಶಪ್ಪ ಚಹಾ ತಂದು ಐಶ್ವರ್ಯಾಳಿಗೆ ಹೇಳಿದ. "ಅವ್ವಾರ, ಚಿಂತಿ ಬಿಡ್ರಿ. 'ನಿಮ್ಮ ಮಗಳು ಮೇಡಂ ಹತ್ರ ಕುಂತಾಳ, ಯಾಕೋ ಮುಖ ಸಣ್ಣದಾಗೇತಿ' ಅಂತ ನಿಮ್ಮ ಮನಿಗೆ ಫೋನ್ ಹಚ್ಚಿ ಹೇಳೀನಿ. ನಿಮ್ಮ ಅಣ್ಣಾವ್ರು ಈಗ ಹೊಂಟೆ ಅಂದ್ರು."

ಪಾಪ, ಪರಶಪ್ಪನಲ್ಲಿ ಕಪಟವಿರಲಿಲ್ಲ. ಹಾಸ್ಟೆಲಿನ ಯಾವ ಹುಡುಗಿಗೆ ಜ್ವರ ಬಂದರೂ ಹೆತ್ತವರಿಗೆ ಮೊದಲು ಮುಟ್ಟಿಸುವವನು ಅವನೇ. ಹೆತ್ತವರೂ ಅವನನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದರು. ಈಗ ಮೂವರ ಮುಖ ನೋಡಿ ಅವನು ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ.

"ಪರಶಪ್ಪ," ಅಂದರು ಮೇಡಂ, "ಈ ಕೋಣಿಗೆ ಬಂದವರ ಸುದ್ದಿ ಇನ್ನ ಮ್ಯಾಲೆ ಯಾರ ಮನಿಗೂ ಹೋಗಬಾರದು. ಈಗ ಲಗೂ ಗೇಟ್ ಹತ್ರ ನಿಂದ್ರು."

ನರಗುಂದದಿಂದ ಬೈಕಿಗೆ ಮುಕ್ಕಾಲು ಗಂಟೆ ಸಾಕು. ಮೇಡಂ ಒಂದರ ಹಿಂದೊಂದು ಫೋನ್ ಮಾಡಿದರು: ಮಹಿಳಾ ಸಹಾಯವಾಣಿ, ಠಾಣೆ, ಪ್ರಾಂಶುಪಾಲರು. ಬೇರೆ ಊರಿನ ಹೆಣ್ಣುಮಕ್ಕಳ ವಸತಿಯಲ್ಲಿ ಜಾಗ ಸಿಕ್ಕಿತು. ಪರೀಕ್ಷೆಯನ್ನು ಅಲ್ಲಿಂದಲೇ ಬರೆಸುವ ಜವಾಬ್ದಾರಿ ತಮ್ಮದು ಎಂದರು. ದುರಗೇಶನ ಕೈಯಿಂದಲೂ ದೂರು ಬರೆಸಿದರು. ಅಪ್ಪನಿಗೆ ಸಿದ್ದಾರೂಢ ಹೇಳಿದ ಮಾತನ್ನು ಅವನು ಇದ್ದದ್ದು ಇದ್ದಹಾಗೆ ಬರೆದ.

ಅರ್ಧ ಗಂಟೆಯಲ್ಲಿ ಪೊಲೀಸ್ ಜೀಪು ಬಂತು, ಒಳಗೆ ಇಬ್ಬರು ಮಹಿಳಾ ಪೇದೆಗಳು. ಒಬ್ಬಾಕೆ ಗೇಟಿನಲ್ಲಿ ಇಳಿದು ನಿಂತಳು. ಐಶ್ವರ್ಯಾ ಜೀಪಿನ ಬಾಗಿಲು ಹಿಡಿದು ನಿಂತಳು.

"ನಿನ್ನ ಸಲುವಾಗಿನ ದೂರ ಇದ್ದೆ ನಾ," ಅಂದ ದುರಗೇಶ.

"ನನ್ನ ಸಲುವಾಗಿ ಏನ ಮಾಡಬೇಕಂತ ನನ್ನ ಒಂದು ಮಾತು ಕೇಳಬೇಕಿತ್ತಲ್ಲೋ."

"ತಪ್ಪಾತು. ನಿನ್ನ ಬಿಟ್ಟು ಇರಾಕ ಆಗಂಗಿಲ್ಲ ನನಗ, ಐಶೂ. ಆದ್ರ ನೀ ಹೋಗು. ಓದು. ನಾ ಇಲ್ಲೇ ಇರ್ತೀನಿ."

ಅವಳು ಬಗ್ಗಿ ಪಿಸುಗುಟ್ಟಿದಳು. "ಮೇಡಂ ಊರಿನ ಹೆಸರು ಹೇಳ್ಯಾರ. ಅದು..."

"ಹೇಳಬ್ಯಾಡ!" ಎರಡೂ ಅಂಗೈಗಳಿಂದ ಕಿವಿ ಬಿಗಿಯಾಗಿ ಮುಚ್ಚಿಕೊಂಡ. "ನಿಮ್ಮ ಅಣ್ಣ ಕೊರಳಪಟ್ಟಿ ಹಿಡಿದು ಕೇಳಿದ್ರ, ಗೊತ್ತಿಲ್ಲ ಅನ್ನೂದು ಖರೇನ ಇರಬೇಕು."

ಅವಳು ನಕ್ಕುಬಿಟ್ಟಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. ಆಮೇಲೆ ಅವನ ಮುಖವನ್ನೇ ನೋಡುತ್ತ, ನಿಧಾನವಾಗಿ, ತುಟಿ ಬಿಡಿಸಿ ಬಿಡಿಸಿ ಏನೋ ಹೇಳಿದಳು. ಅವನು ಕೈ ತೆಗೆಯಲಿಲ್ಲ. ಜೀಪು ಹೊರಟಿತು.

ಏನು ಉದ್ದದ ಹೆಸರಪ್ಪ ಎಂದುಕೊಂಡ ಮೊದಲು. ಗಜೇಂದ್ರಗಡ ಅಂದರೂ ಇಷ್ಟು ಹೊತ್ತು ಬೇಡ. ಅವಳು ಹೇಳಿದ್ದು ಊರಿನ ಹೆಸರೇ ಅಲ್ಲ ಎಂದು ಹೊಳೆಯುವಷ್ಟರಲ್ಲಿ ಜೀಪು ರಸ್ತೆಯ ತಿರುವು ದಾಟಿತ್ತು. ದುರಗೇಶ ಮೆಟ್ಟಿಲ ಮೇಲೆ ಕುಸಿದು ಕೂತ. ಹನ್ನೊಂದು ದಿನಗಳ ಅಳು ಒಟ್ಟಿಗೇ ಬಂತು.

ಬೈಕಿನ ಸದ್ದು ಕೇಳಿದಾಗ ಮುಖ ಒರೆಸಿಕೊಂಡು ಎದ್ದ. ಗೇಟಿನಲ್ಲಿ ಪೇದೆ ಸಿದ್ದಾರೂಢನಿಗೆ ಅಡ್ಡ ನಿಂತಳು. ಅವಳ ಭುಜದ ಮೇಲಿಂದಲೇ ಅವನು ಕೂಗಿದ.

"ಎಲ್ಲಿ ಅದಾಳಲೇ ನಮ್ಮ ಹುಡುಗಿ?"

"ಗೊತ್ತಿಲ್ರಿ," ಅಂದ ದುರಗೇಶ. ಅವನ ದನಿ ನಡುಗಲಿಲ್ಲ.