ಒಂಬತ್ತನೆಯ ಲಾಯ

ಅಪ್ಪ ಕದಿಯದೇ ಇದ್ದ ಬೆಳ್ಳಿಯನ್ನು ಮಗ ಕದಿಯಲಿಕ್ಕೆ ಬಂದಿದ್ದ. ಏಕನಾಥನ ಮಟ್ಟಿಗೆ ಇದು ಕಳುವೇ ಅಲ್ಲ. ಶಿಕ್ಷೆ ಆಗಲೇ ಆಗಿಹೋಗಿತ್ತು, ತಪ್ಪು ಮಾಡುವುದಷ್ಟೇ ಬಾಕಿ ಇತ್ತು.

ಅವನಪ್ಪ ಹಳೇ ಹುಬ್ಬಳ್ಳಿಯ ಜೀನಗಾರ. ಧಾರವಾಡದ ಹೊರಗೆ ದಿಬ್ಬದ ಮೇಲೆ ಎಂಟು ಬಂಗ್ಲೆ. ಅಲ್ಲಿಯ ಕುದುರೆಗಳಿಗೆಲ್ಲ ಜೀನು ಹೊಲಿದು ಕೊಟ್ಟವನು. ವಕೀಲ ಬಾಳಕೃಷ್ಣರಾಯರ ಜೀನಿಗೆ ಬೆಳ್ಳಿ ಕೂಡಿಸುವಾಗ ಒಂದು ಪಟ್ಟಿ ಕಡಿಮೆ ಬಿತ್ತು. ರಾಯರು ಅವನೇ ಕದ್ದನೆಂದು ಕುದುರೆಯ ಚಾಬೂಕಿನಿಂದಲೇ ಹೊಡೆದರು. ಎಂಟು ದಿನದ ಮೇಲೆ ಪಟ್ಟಿ ರಾಯರ ಲಾಯದ ಹುಲ್ಲಿನೊಳಗೇ ಸಿಕ್ಕಿತಂತೆ. ಹೇಳಿ ಕಳಿಸುವ ತ್ರಾಸು ಯಾರೂ ತಗೊಳ್ಳಲಿಲ್ಲ. ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದವನು ಏಳಲಿಲ್ಲ. ಏಕನಾಥ ಸಾಲಿ ಬಿಟ್ಟು ದಬ್ಬಣ ಹಿಡಿದ.

ಅದಾಗಿ ಹತ್ತು ವರ್ಷಕ್ಕೆ, ಗಾಂಧಿ ಟೊಪ್ಪಿಗೆಗಳು ಜೇಲಿಗೆ ಹೋಗಿ ಬರುತ್ತಿದ್ದ ದಿನಗಳಲ್ಲಿ, ಅವನು ಜರಿ ರುಮಾಲು ಸುತ್ತಿಕೊಂಡು ದಿಬ್ಬ ಹತ್ತಿದ. ಕುದುರೆ ಇಲ್ಲದವನಿಗೆ ಅಲ್ಲಿ ಹಿತ್ತಲ ಕೋಣೆಯನ್ನೂ ಬಾಡಿಗೆಗೆ ಕೊಡುತ್ತಿರಲಿಲ್ಲ. ತಾನು ಮಿರಜ ಕಡೆಯ ಇನಾಮದಾರರ ಕಾರಭಾರಿ, ಧಣಿಗಳ ಕುದುರೆಗೆ ಧಾರವಾಡದ ಹವಾ ಬೇಕಾಗಿದೆ ಎಂದ. ರಾಯರು ಹಿತ್ತಲಿನ ಕೋಣೆಯನ್ನೂ ಅದಕ್ಕೆ ಹತ್ತಿದ ಖಾಲಿ ಲಾಯವನ್ನೂ ಕೊಟ್ಟರು. ದಿಬ್ಬಕ್ಕೆ ಅದು ಒಂಬತ್ತನೆಯ ಲಾಯ.

ಕುದುರೆ ಇರಲೇ ಇಲ್ಲ. ಅವನು ಹೂಡಿದ ಹಂಚಿಕೆಯ ಜೀವಾಳವೇ ಅದು. ಪ್ರತಿ ರವಿವಾರ ಸಂಜೆ ಎಂಟೂ ಮನೆಯವರು, ಆಳುಗಳ ಸಮೇತ, ಸವಾರಿಗೆಂದು ಬಯಲಿಗೆ ಹೋಗುತ್ತಿದ್ದರು. ಮೊದಲನೆಯ ರವಿವಾರ ಅವರು ಮರಳಿ ಬಂದಾಗ ಲಾಯದ ಬಾಗಿಲಿಗೆ ಕೀಲಿ ಬಿದ್ದಿತ್ತು. ಕುದುರೆಯನ್ನು ರೈಲಿನಿಂದ ಇಳಿಸಿಕೊಂಡು ಬಂದೆ, ಕೆಮ್ಮು ಹತ್ತಿದೆ, ಉಳಿದವಕ್ಕೂ ಹಾಯ್ದೀತು, ನಿಮ್ಮವನ್ನು ದೂರ ಇಡಿರಿ ಎಂದ. ಆಳು ಕೆಮ್ಮಿದರೆ ತಿರುಗಿ ನೋಡದ ಮಂದಿ ಕುದುರೆಯ ಕೆಮ್ಮಿಗೆ ಹೆದರಿ ಹಿತ್ತಲ ದಾರಿಯನ್ನೇ ಬಿಟ್ಟರು. ಅವನು ದಿನಾ ಎರಡು ಹೊತ್ತು ಲಾಳಗಳನ್ನು ಕಲ್ಲಿಗೆ ಬಡಿದ. ಹುಲ್ಲು ತರಿಸಿ ಅದರ ಮೇಲೆ ತಾನೇ ಮಲಗಿದ. ಹುರಳಿ ಬೇಯಿಸಿ ತಾನೇ ತಿಂದ.

ನಾಲ್ಕನೆಯ ರವಿವಾರ ಬಯಲಿಗೆ ಹೋದವರ ಧೂಳು ಇಳಿಯುವುದರೊಳಗೆ ರಾಯರ ಲಾಯದ ಕೀಲಿ ಮುರಿದ. ಹಬ್ಬಕ್ಕಷ್ಟೇ ಹೊರಗೆ ತೆಗೆಯುತ್ತಿದ್ದ ಆ ಜೀನಿನ ಬೆಳ್ಳಿಯನ್ನು, ಅಪ್ಪ ಹಾಕಿದ ಹೊಲಿಗೆ ಬಿಚ್ಚಿ, ಒಂದು ಎಳೆಯೂ ಹರಿಯದಂತೆ ತೆಗೆದ. ತನ್ನದೊಂದು ಹಳೇ ಜೀನಿನ ಅರಳೆಯೊಳಗೆ ಅದನ್ನು ಇಟ್ಟು ಹೊಲಿದು, ಎಲ್ಲರಿಗೂ ಕಾಣುವಂತೆ ಗೂಟಕ್ಕೆ ಹಾಕಿದ. ತನ್ನ ಲಾಯದ ಕೀಲಿಯನ್ನೂ ಮುರಿದು, ಲಾಳದ ಗುರುತುಗಳನ್ನು ರಸ್ತೆಯ ತನಕ ಒತ್ತಿದ. ಆಮೇಲೆ ಪೇಟೆಗೆ ಹೋಗಿ, ಎಲ್ಲರಿಗಿಂತ ತಡವಾಗಿ ಬಂದು, ಮುರಿದ ಬಾಗಿಲೆದುರು ಕುಸಿದು ಕೂತ.

ಬೆಳ್ಳಿಯ ಕಳ್ಳನೇ ಕುದುರೆಯನ್ನೂ ಒಯ್ದ ಎಂದಾಯಿತು. ಅದು ಸಿಕ್ಕರೆ ಕಳ್ಳ ಸಿಗಬೇಕು, ಮತ್ತು ಅದು ಸಿಗುವ ಬಗೆಯೇ ಇರಲಿಲ್ಲ. ಫೌಜದಾರ ಗುರುಶಿದ್ದಪ್ಪ, ಏಕನಾಥ ಹೇಳಿದಂತೆ, ಕಂದು ಬಣ್ಣ, ಹಣೆಗೆ ಬಿಳಿ, ಹರಿದ ಎಡಗಿವಿ ಎಂದು ಬರೆದುಕೊಂಡ. ಪೋಲೀಸರು ಉಪ್ಪಿನಬೆಟಗೇರಿಯ ತನಕ ಹೋಗಿ ಬಡವರ ತಟ್ಟು ಕುದುರೆಗಳ ಕಿವಿ ಹಿಡಿದು ನೋಡಿ ಬಂದರು. ರಾಯರ ಹೆಂಡತಿ ಕಾಶೀಬಾಯಿ ಎರಡು ದಿನ ಊಟ ಕಳಿಸಿದರು. ಹುರಳಿ ತಿಂದ ಬಾಯಿಗೆ ತುಪ್ಪದನ್ನ ಹಿತವಾಯಿತು.

ಮೂರನೆಯ ದಿನ ಮುಂಜಾನೆ ಜಟಕಾ ಬಂತು. ಹಳೇ ಜೀನನ್ನು ಫೌಜದಾರನೇ ಎತ್ತಿ ಜಟಕಾದೊಳಗೆ ಇಟ್ಟ. ರಾಯರು ಕೈ ಜೋಡಿಸಿದರು.

"ನಮ್ಮ ದಿಬ್ಬದಾಗ ನಿಮಗ ಹಿಂಗ ಆಗಬಾರದಿತ್ರಿ. ತಪ್ಪು ನಮ್ಮದು. ಮನಸಿಗೆ ಹಚ್ಚಿಕೋಬ್ಯಾಡ್ರಿ."

ಅಪ್ಪನಿಗೆ ಬರಬೇಕಾಗಿದ್ದ ಮಾತು. ಏಕನಾಥ ತಲೆ ಬಗ್ಗಿಸಿದ, ನಗು ಕಾಣದಿರಲೆಂದು.

ಅಷ್ಟರಲ್ಲಿ ಹಿತ್ತಲಿನಿಂದ ಬುಟ್ಟಿ ಹೊತ್ತು ಸಾವಕ್ಕ ಬಂದಳು. ದಿಬ್ಬದ ಅಷ್ಟೂ ಲಾಯಗಳ ಹಿಂದಿನ ತಿಪ್ಪೆ ಅವಳ ಪಾಲು. ಬೆಳಗಾಗುತ್ತಲೇ ಬಳಿದು ತನ್ನ ಹೊಲಕ್ಕೆ ಒಯ್ಯುತ್ತಿದ್ದಳು. ಬಾಡಿಗೆದಾರ ಹೊರಟಿದ್ದು ನೋಡಿ, ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಸಿಟ್ಟನ್ನು ರಾಯರ ಮುಂದೆಯೇ ಕಾರಿದಳು. "ಇವ ಹೋಗೂಕಿಂತ ಮದಲ ನನ್ನ ನ್ಯಾಯ ಮುಗಸ್ರಿ, ಧಣ್ಯಾರ. ಈ ಲಾಯದ್ದು ಮೂರು ವಾರದಾಗ ಒಂದು ಬುಟ್ಟಿ ಲದ್ದಿ ಸೈತ ನನಗ ಸಿಕ್ಕಿಲ್ರಿ. ಕದ್ದು ಆ ಕೆಳಗಿನ ಓಣಿ ರುಕ್ಮವ್ವಗ ಕೊಟ್ಟಾನಂತ ಆಕಿ ಹಿತ್ತಲದಾಗ ಹೊಕ್ಕು ನೋಡೇನಿ, ಅಲ್ಲೂ ಇಲ್ಲ. ಎಲ್ಲಿ ಇಟ್ಟಾನ, ಕೇಳ್ರಿ." ರಾಯರು ಫೌಜದಾರನ ಮುಖ ನೋಡಿದರು. ಫೌಜದಾರ ಜಟಕಾದೊಳಗೆ ಕೈ ಹಾಕಿ ಜೀನನ್ನು ಮತ್ತೆ ಕೆಳಗಿಳಿಸಿದ, ಈ ಸಲ ಅದರ ಭಾರ ನೋಡುತ್ತ.